ಮಾರ್ಚ್ ಬರುವ ಮುಂಚೆ: ಸರ್ಕಾರಿ ಶಾಲೆಯ ವಿಜ್ಞಾನ, ಗಣಿತಕ್ಕೆ ಅನುದಾನ ತರುವುದು ಹೇಗೆ

“ನಮ್ಮ ಶಾಲೆಗೆ ವಿಜ್ಞಾನದ ಸಾಮಾನು ಬೇಕಿತ್ತು, ಯಾವ ಸ್ಕೀಮ್‌ನಲ್ಲಿ ಬರುತ್ತೆ?” ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮುಖ್ಯ ಶಿಕ್ಷಕರು, ವಿಜ್ಞಾನ ಶಿಕ್ಷಕರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಪದೇ ಪದೇ ಕೇಳುವ ಪ್ರಶ್ನೆ ಇದು. ಎಲ್ಲವೂ ಒಟ್ಟಿಗೆ ಸಿಗುವ ಸ್ಕೀಮ್ ಯಾವುದೂ ಇಲ್ಲ. ದುಡ್ಡು ಐದಾರು ಕಡೆ ಹಂಚಿಹೋಗಿದೆ. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಖಾತೆ, ಬೇರೆ ತಿಂಗಳು. ಬೇಕಾದ್ದೇನು ಅಂತ ಮೊದಲೇ ಬರೆದಿಟ್ಟುಕೊಳ್ಳದ ಶಾಲೆಗೆ ದುಡ್ಡು ಬಂದರೂ ಅದು ಮಾರ್ಚ್ ಕೊನೆಯ ವಾರ ಯಾವುದೋ ಏಜೆಂಟರ ರೆಡಿಮೇಡ್ ಕಿಟ್ಟಿಗೆ ಹೋಗುತ್ತದೆ. ಆದ್ದರಿಂದ ಪಟ್ಟಿ ಮೊದಲು, ದುಡ್ಡು ಆಮೇಲೆ. ಕೆಳಗಿನ ಹಂತಗಳೆಲ್ಲ ಅದೇ ಕ್ರಮದಲ್ಲಿವೆ.

6ರಿಂದ 10ನೇ ತರಗತಿ ಇರುವ ಸರ್ಕಾರಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಅನುದಾನಿತ ಶಾಲೆಯವರಿಗೆ ಮುಖ್ಯವಾಗಿ 5 ಮತ್ತು 7ನೇ ಹಂತ ಅನ್ವಯಿಸುತ್ತವೆ.

ಶುರು ಮಾಡುವ ಮೊದಲು ಮೇಜಿನ ಮೇಲೆ ಇವಿಷ್ಟು ಇರಲಿ: ಶಾಲೆಯ ಯು-ಡೈಸ್ ಕೋಡ್ (ದೇಶದ ಪ್ರತಿ ಶಾಲೆಗೂ ಕೊಟ್ಟಿರುವ 11 ಅಂಕಿಯ ಸಂಖ್ಯೆ), ಸ್ಯಾಟ್ಸ್ ಎಂಬ ರಾಜ್ಯದ ವಿದ್ಯಾರ್ಥಿ ಮಾಹಿತಿ ಪೋರ್ಟಲ್‌ನಲ್ಲಿರುವ ಈಗಿನ ದಾಖಲಾತಿ, ಎಸ್‌ಡಿಎಂಸಿ ನಡಾವಳಿ ಪುಸ್ತಕ, ಶಾಲಾ ಖಾತೆಯ ಪಾಸ್‌ಬುಕ್, ದಾಸ್ತಾನು ವಹಿ, ಬೀರುವಿನ ಬೀಗದ ಕೈ. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ, 2ನೇ ಹಂತದಲ್ಲಿ ಬೇಕಾಗುತ್ತದೆ.

1. ಯಾವ ದುಡ್ಡು ಎಲ್ಲಿದೆ ಅಂತ ತಿಳಿದುಕೊಳ್ಳಿ

ಸಮಗ್ರ ಶಿಕ್ಷಣ 2018ರಲ್ಲಿ ಹಳೆಯ ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನಗಳನ್ನು ಒಟ್ಟುಗೂಡಿಸಿ ಬಂದ ಯೋಜನೆ. ಕರ್ನಾಟಕಕ್ಕೆ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಇದರಲ್ಲಿ ನಿಮ್ಮ ಶಾಲೆಗೆ ನೇರವಾಗಿ ಬರುವುದು ಸಂಯುಕ್ತ ಶಾಲಾ ಅನುದಾನ, ಅಂದರೆ ರಿಪೇರಿ, ಸ್ವಚ್ಛತೆ, ಬೋಧನೋಪಕರಣ ಎಲ್ಲಕ್ಕೂ ಸೇರಿಸಿ ಕೊಡುವ ಒಂದೇ ಮೊತ್ತ. ಯೋಜನೆಯ ಮಾರ್ಗಸೂಚಿಯಲ್ಲಿ ಮಕ್ಕಳ ಸಂಖ್ಯೆಯ ಮೇಲೆ ವಾರ್ಷಿಕ ಮೊತ್ತ ಹೀಗಿದೆ:

30ರವರೆಗೆ: 10,000 ರೂ.
31ರಿಂದ 100: 25,000 ರೂ.
101ರಿಂದ 250: 50,000 ರೂ.
251ರಿಂದ 1000: 75,000 ರೂ.
1000ಕ್ಕೂ ಹೆಚ್ಚು: 1,00,000 ರೂ.

ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಮೀಸಲು. ಹಣ ಕಂತಿನಲ್ಲಿ ಬರುತ್ತದೆ. ಬಿಡುಗಡೆ ಆದೇಶದಲ್ಲಿ ಎಷ್ಟಿದೆಯೋ ಅಷ್ಟನ್ನೇ ನಂಬಿ, ಮೇಲಿನ ಪಟ್ಟಿ ನೋಡಿ ಖರ್ಚು ಮಾಡಿಬಿಡಬೇಡಿ.

ಮಲೆನಾಡಿನ ಶಾಲೆಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಒಂದರಿಂದ ಏಳರವರೆಗೆ 28 ಮಕ್ಕಳಿರುವ ಶಾಲೆಗೆ ಸಿಗುವುದು 10,000. ಇನ್ನು ಮೂರು ಮಕ್ಕಳಿದ್ದರೆ 25,000. ಹಂಚು ಬದಲಿಸುವ ಖರ್ಚು ಮಾತ್ರ ಎರಡೂ ಶಾಲೆಗೆ ಒಂದೇ. ಎಣಿಕೆಗೆ ಆಧಾರ ಸೆಪ್ಟೆಂಬರ್ 30ರ ಯು-ಡೈಸ್ ದಾಖಲಾತಿ. ವರ್ಗಾವಣೆಯಾಗಿ ಬಂದ ಮಗುವಿನ ಹೆಸರು ಹಳೆಯ ಶಾಲೆಯಲ್ಲೇ ಉಳಿದಿದ್ದರೆ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಕಾಫಿ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳ ವಿಷಯದಲ್ಲಿ ಇದು ವರ್ಷವೂ ಆಗುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಹಳೆಯ ಶಾಲೆಗೆ ಫೋನ್ ಮಾಡಿ ಹೆಸರು ಬಿಡಿಸಿಕೊಳ್ಳಿ.

ಸಮಗ್ರ ಶಿಕ್ಷಣದೊಳಗೇ ವಿಜ್ಞಾನ, ಗಣಿತಕ್ಕೆ ಅಂತಲೇ ಇರುವುದು ರಾಷ್ಟ್ರೀಯ ಆವಿಷ್ಕಾರ ಅಭಿಯಾನ. 2015ರ ಜುಲೈ 9ರಂದು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದ್ದು. ಕಿಟ್, ವಸ್ತು ಪ್ರದರ್ಶನ, ಕ್ಷೇತ್ರ ಭೇಟಿ, ಕಾಲೇಜುಗಳಿಂದ ಮಾರ್ಗದರ್ಶನ ಇದರಡಿ ಬರುತ್ತವೆ. ಇದರ ತೀರ್ಮಾನ ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಗುವುದರಿಂದ ನಿಮ್ಮ ಶಾಲೆಯ ಬೇಡಿಕೆ ಸಿಆರ್‌ಪಿ (ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ), ಅಲ್ಲಿಂದ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಯ ಸಮಗ್ರ ಶಿಕ್ಷಣ ವಿಭಾಗಕ್ಕೆ ಹೋಗಿರಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಬ್ಲಾಕ್ ದಾಟುವುದಿಲ್ಲ.

2. ಬೀರು ತೆಗೆಯಿರಿ, ಆಮೇಲೆ ಪಟ್ಟಿ ಬರೆಯಿರಿ

ಹಿಂದಿನ ಯೋಜನೆಗಳಲ್ಲಿ ಬಂದ ಕಿಟ್‌ಗಳು ಎಷ್ಟೋ ಶಾಲೆಗಳಲ್ಲಿ ಪ್ಯಾಕ್ ಬಿಚ್ಚದೆ ಕೂತಿವೆ. ಗಣಿತ ಕಲಿಕಾ ಆಂದೋಲನದ ಡಬ್ಬ 4, 5ನೇ ತರಗತಿಗೆ ಬಂದದ್ದಾದರೂ ಅದರಲ್ಲಿನ ಭಿನ್ನರಾಶಿ ಪಟ್ಟಿಗಳು, ಸ್ಥಾನಬೆಲೆಯ ಬ್ಲಾಕುಗಳು 6ನೇ ತರಗತಿಗೂ ಆಗುತ್ತವೆ. ಇರುವುದನ್ನು ದಾಸ್ತಾನು ವಹಿಯ ಜೊತೆ ತಾಳೆ ನೋಡಿ, ಆಮೇಲೆ ಇಲ್ಲದ್ದನ್ನು ಬರೆಯಿರಿ.

ಪ್ರಮಾಣ ಹಾಕುವ ರೀತಿ ಇಷ್ಟೇ: 30 ಮಕ್ಕಳ ತರಗತಿಗೆ ಐವರ 6 ಗುಂಪು. ಗುಂಪಿಗೊಂದು ಸೆಟ್, ಒಡೆದುಹೋಗಲು ಒಂದು ಹೆಚ್ಚುವರಿ, ಒಟ್ಟು 7. ಶಿಕ್ಷಕರು ಮುಂದೆ ನಿಂತು ತೋರಿಸುವ ಒಂದೇ ದೊಡ್ಡ ಮಾದರಿಗಿಂತ ಮಕ್ಕಳ ಕೈಗೆ ಸಿಗುವ ಏಳು ಸಣ್ಣ ಸಾಮಾನು ಮೇಲು. 6ರಿಂದ 8ನೇ ತರಗತಿಗೆ ಶುರುವಿಗೆ ಇಷ್ಟಿದ್ದರೆ ಕೆಲಸ ನಡೆಯುತ್ತದೆ:

ಪೀನ ಮಸೂರ, ಸಂಗಮ ದೂರ 10 ಸೆಂ.ಮೀ., 7.
ದಂಡಕಾಂತ 7 ಜೊತೆ, ಸಣ್ಣ ದಿಕ್ಸೂಚಿ 7.
ವಿದ್ಯುತ್ ಮಂಡಲದ ಸೆಟ್ 7: ಎರಡು ಎಎ ಸೆಲ್ ಹಿಡಿಯುವ ಹೋಲ್ಡರ್, 2.5 ವೋಲ್ಟ್ ಟಾರ್ಚ್ ಬಲ್ಬ್ ಹೋಲ್ಡರ್ ಸಮೇತ, ಸ್ವಿಚ್, ಎಲ್‌ಇಡಿ 2, 100 ಓಮ್ ರೆಸಿಸ್ಟರ್ 2, ಕ್ರೊಕಡೈಲ್ ಕ್ಲಿಪ್ ವೈರ್ 6.
10 ನ್ಯೂಟನ್ನಿನ ಸ್ಪ್ರಿಂಗ್ ತಕ್ಕಡಿ 4.
100 ಮಿ.ಲೀ. ಪ್ಲಾಸ್ಟಿಕ್ ಅಳತೆ ಜಾಡಿ 7, ಪ್ರನಾಳ 2 ಡಜನ್, ಸ್ಟ್ಯಾಂಡ್ 4.
ಆಲ್ಕೊಹಾಲ್ ಥರ್ಮಾಮೀಟರ್ 7. ಪಾದರಸದ್ದು ಬೇಡ, ಒಡೆದರೆ ಬಳಿದು ತೆಗೆಯುವುದೇ ಅಪಾಯದ ಕೆಲಸ.
ಸೂಕ್ಷ್ಮದರ್ಶಕ 1: 10ರ ನೇತ್ರಮಸೂರ, 10 ಮತ್ತು 40ರ ವಸ್ತುಮಸೂರ. ಆಗ 100 ಪಟ್ಟು, 400 ಪಟ್ಟು ಕಾಣುತ್ತದೆ.
ಗಣಿತಕ್ಕೆ 30 ಮೀಟರ್ ಟೇಪ್ 2, ಜಿಯೋಬೋರ್ಡ್ (ರಬ್ಬರ್ ಬ್ಯಾಂಡ್ ಸಿಕ್ಕಿಸಿ ಆಕೃತಿ ಮಾಡುವ ಮೊಳೆಗಳ ಹಲಗೆ) 7, ಬೋರ್ಡಿನ ಮೇಲೆ ಬಳಸುವ ದೊಡ್ಡ ಕೋನಮಾಪಕ ಮತ್ತು ಕೈವಾರ.

ಎಲ್‌ಇಡಿ ಬಗ್ಗೆ ಒಂದು ಮಾತು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಎರಡು ಸೆಲ್ಲಿನ 3 ವೋಲ್ಟನ್ನು ನೇರ ಕೊಟ್ಟರೆ ಆಯಸ್ಸು ಕಡಿಮೆ, 9 ವೋಲ್ಟಿನ ಬ್ಯಾಟರಿಗೆ ಹಚ್ಚಿದರೆ ಅಲ್ಲೇ ಸತ್ತುಹೋಗುತ್ತದೆ. ರೆಸಿಸ್ಟರ್ ಪಟ್ಟಿಯಲ್ಲಿರುವುದು ಇದಕ್ಕೇ. ಅಂಗಡಿಯವರು ಅದನ್ನು ಸಣ್ಣ ಸಾಮಾನು ಅಂತ ಬಿಟ್ಟು ಕಳಿಸುವುದುಂಟು.

ಕೊಳ್ಳಬಾರದ್ದೂ ಇದೆ. ಅರಿಸಿನ, ಕೆಂಪು ದಾಸವಾಳ, ಸುಣ್ಣದ ತಿಳಿನೀರು, ನಿಂಬೆಹುಳಿ, ಅಡುಗೆ ಸೋಡಾ ಇದ್ದರೆ 7ನೇ ತರಗತಿಯ ಆಮ್ಲ-ಪ್ರತ್ಯಾಮ್ಲದ ಪಾಠ ಮುಗಿಯುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಗಾಢ ಆಮ್ಲದ ಬಾಟಲಿ ಇರಲೇಬಾರದು. ಥರ್ಮಾಕೋಲಿನ ಮಾನವ ಹೃದಯ, ಬಣ್ಣದ ಸೌರಮಂಡಲ ಇವಕ್ಕೆ ಸರ್ಕಾರಿ ದುಡ್ಡು ಹಾಕಬೇಡಿ.

ಒಂದೊಂದೇ ಆರಿಸುವುದು ಕಷ್ಟವೆನಿಸಿದರೆ ಎನ್‌ಸಿಇಆರ್‌ಟಿಯವರದೇ ಹಿರಿಯ ಪ್ರಾಥಮಿಕ ವಿಜ್ಞಾನ ಕಿಟ್, ಪ್ರೌಢಶಾಲಾ ವಿಜ್ಞಾನ ಕಿಟ್, ಗಣಿತ ಕಿಟ್‌ಗಳಿವೆ. ಪಠ್ಯಪುಸ್ತಕದ ಚಟುವಟಿಕೆಗಳಿಗೆ ಹೊಂದುವಂತೆ ಮಾಡಿದವು. ಬೇರೆ ಯಾರೇ ಕಿಟ್ ಮಾರಲು ಬಂದರೂ ಒಳಗಿನ ಸಾಮಾನಿನ ಪಟ್ಟಿಯನ್ನು ಎನ್‌ಸಿಇಆರ್‌ಟಿ ಪಟ್ಟಿಯ ಪಕ್ಕ ಇಟ್ಟು ನೋಡಿ.

30ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯವರು ಕ್ಲಸ್ಟರ್ ಸಭೆಯಲ್ಲಿ ಮಾತಾಡಿಕೊಂಡು ಹಂಚಿಕೊಳ್ಳಿ: ಒಂದು ಶಾಲೆ ಬೆಳಕಿನ ಸಾಮಾನು, ಇನ್ನೊಂದು ವಿದ್ಯುತ್ತಿನದು, ಮತ್ತೊಂದು ಗಣಿತದ್ದು. ದುಡ್ಡನ್ನು ಒಟ್ಟು ಹಾಕುವಂತಿಲ್ಲ, ಪ್ರತಿ ಶಾಲೆಯ ಸಾಮಾನು ಅದರದೇ ದಾಸ್ತಾನಿನಲ್ಲಿರಬೇಕು. ಆದರೆ ಎರವಲು ವಹಿಯಲ್ಲಿ ಬರೆದು, ಪಡೆದವರ ಸಹಿ ಹಾಕಿಸಿ, ಹದಿನೈದು ದಿನಕ್ಕೆ ಕೊಡುವುದಕ್ಕೆ ಅಡ್ಡಿಯಿಲ್ಲ. ಸಹಿ ಇಲ್ಲದೆ ಕೊಟ್ಟ ಸಾಮಾನು ಆಡಿಟ್‌ನಲ್ಲಿ ಕಾಣೆಯಾದ ಸಾಮಾನು.

3. ಠರಾವು ಮತ್ತು ಶಾಲಾ ಅಭಿವೃದ್ಧಿ ಯೋಜನೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಶಾಲಾ ಸಮಿತಿಯ ಕರ್ತವ್ಯ. ನಮ್ಮಲ್ಲಿ ಅದು ಎಸ್‌ಡಿಎಂಸಿ. ಹಣಕಾಸು ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ ಯೋಜನೆ ಸಿದ್ಧವಾಗಬೇಕು, ಅಂದರೆ ಡಿಸೆಂಬರ್ ಒಳಗೆ. ಶಾಲೆಗಳ ಬೇಡಿಕೆ ಬ್ಲಾಕ್, ಜಿಲ್ಲೆ, ರಾಜ್ಯ ದಾಟಿ ದೆಹಲಿಯ ಯೋಜನಾ ಅನುಮೋದನಾ ಮಂಡಳಿ ಮುಂದೆ ಹೋಗುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಲ್ಯಾಬ್ ಕೇಳಿದರೆ ಆ ವರ್ಷದ ಬಸ್ಸು ಹೋಗಿ ಆಗಿರುತ್ತದೆ.

ಠರಾವನ್ನು ಹೀಗೆ ಬರೆಯಬೇಡಿ: “ವಿಜ್ಞಾನ ಉಪಕರಣಗಳನ್ನು ಖರೀದಿಸಲು ತೀರ್ಮಾನಿಸಲಾಯಿತು.”

ಹೀಗೆ ಬರೆಯಿರಿ: “6ರಿಂದ 8ನೇ ತರಗತಿಯ ವಿಜ್ಞಾನ ಬೋಧನೆಗೆ ಅನುಬಂಧದಲ್ಲಿರುವ 14 ಬಗೆಯ ಸಾಮಗ್ರಿಗಳನ್ನು ಸಂಯುಕ್ತ ಶಾಲಾ ಅನುದಾನದಿಂದ, ಒಟ್ಟು 9,000 ರೂ. ಮೀರದಂತೆ, ಮೂರು ದರಪಟ್ಟಿ ಪಡೆದು ಖರೀದಿಸಲು, ಸಾಮಗ್ರಿಗಳನ್ನು ವಿಜ್ಞಾನ ಶಿಕ್ಷಕರು ಪರೀಕ್ಷಿಸಿ ದೃಢೀಕರಿಸಿದ ನಂತರವೇ ಹಣ ಪಾವತಿಸಲು ಠರಾಯಿಸಲಾಯಿತು.” ಕೊನೆಯ ಸಾಲು ಮರೆಯಬೇಡಿ. ಕೆಟ್ಟ ಮಾಲನ್ನು ವಾಪಸ್ ಕಳಿಸಲು ನಿಮ್ಮ ಕೈಯಲ್ಲಿರುವ ಅಸ್ತ್ರ ಅದೊಂದೇ.

4. ಕೊಳ್ಳುವುದು, ಪರೀಕ್ಷಿಸುವುದು, ಪಾವತಿಸುವುದು

ಮೂರು ದರಪಟ್ಟಿಗಳೂ ಒಂದೇ ಪಟ್ಟಿಗೆ, ಅದೇ ಅಳತೆಗೆ ಇರಲಿ. ಒಬ್ಬನೇ ಏಜೆಂಟು ಮೂರು ಲೆಟರ್‌ಹೆಡ್‌ನಲ್ಲಿ ತಂದುಕೊಡುವುದು ಹಳೇ ಚಾಳಿ. ಮೂರರಲ್ಲೂ ಅದೇ ಕಾಗುಣಿತದ ತಪ್ಪು, ಪಕ್ಕಪಕ್ಕದ ತಾರೀಖು ನೋಡಿದರೆ ಆಡಿಟರ್‌ಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಸಹಿ ನಿಮ್ಮದಾದ್ದರಿಂದ ಉತ್ತರ ಕೊಡುವವರೂ ನೀವೇ.

ಸಾಮಾನು ಬಂದ ದಿನವೇ ಬಿಚ್ಚಿ ನೋಡಿ. ಮಸೂರವನ್ನು ಕಿಟಕಿಯ ಎದುರಿನ ಗೋಡೆಗೆ ಹಿಡಿದು ದೂರದ ಮರದ ಬಿಂಬ ಸ್ಪಷ್ಟವಾಗುವವರೆಗೆ ಹಿಂದೆ ಮುಂದೆ ಮಾಡಿ. ಗೋಡೆಗೂ ಮಸೂರಕ್ಕೂ ನಡುವೆ 10 ಸೆಂ.ಮೀ. ಹತ್ತಿರ ಬರಬೇಕು. 20 ಬಂದರೆ ಅದು ನೀವು ಕೇಳಿದ ಮಾಲಲ್ಲ. ಸ್ಪ್ರಿಂಗ್ ತಕ್ಕಡಿಗೆ ಖಾಲಿ ಬಾಟಲಿ ತೂಗುಹಾಕಿ ಓದಿಕೊಳ್ಳಿ, ಅರ್ಧ ಲೀಟರ್ ನೀರು ಹಾಕಿದ ಮೇಲೆ ಸುಮಾರು 5 ನ್ಯೂಟನ್ ಹೆಚ್ಚು ತೋರಿಸಬೇಕು. ದಿಕ್ಸೂಚಿ ಏಳನ್ನೂ ಒಂದಕ್ಕೊಂದು ದೂರ ಇಟ್ಟು ಎಲ್ಲ ಒಂದೇ ದಿಕ್ಕು ತೋರಿಸುತ್ತವೆಯೇ ನೋಡಿ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ಇಟ್ಟು 400 ಪಟ್ಟಿನಲ್ಲಿ ಕೋಶದ ಗೋಡೆ ಕಾಣದಿದ್ದರೆ ತಗೊಳ್ಳಬೇಡಿ. ಸೆಲ್ಲಿನಿಂದ ಉರಿಯುವ ದೀಪ ಇರುವುದೇ ನಮ್ಮ ಕಡೆಗೆ ಸರಿ, ಜುಲೈನ ಮೋಡದಲ್ಲಿ ಕನ್ನಡಿಯ ಬೆಳಕು ಸಾಲದು, ಕರೆಂಟನ್ನಂತೂ ನಂಬುವಂತಿಲ್ಲ.

ಪಾವತಿ ಈಗ ಚೆಕ್ಕಿನಲ್ಲಿ ಮುಗಿಯುವುದಿಲ್ಲ. ಸಮಗ್ರ ಶಿಕ್ಷಣದ ಹಣ ಪಿಎಫ್‌ಎಂಎಸ್ ಎಂಬ ಕೇಂದ್ರದ ಪಾವತಿ ಜಾಲದ ಮೂಲಕ ಸಾಗುತ್ತದೆ. ಅನೇಕ ಕಡೆ ಶಾಲೆಯದು ಶೂನ್ಯ ಶಿಲ್ಕಿನ ಖಾತೆ: ದುಡ್ಡು ನಿಮ್ಮ ಖಾತೆಯಲ್ಲಿ ಕೂತಿರುವುದಿಲ್ಲ, ಇಷ್ಟು ಖರ್ಚು ಮಾಡಬಹುದು ಅಂತ ಒಂದು ಮಿತಿ ಮಾತ್ರ ಇರುತ್ತದೆ. ಮಾರ್ಚ್ 31 ದಾಟಿದರೆ ಮಿತಿ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಸೊನ್ನೆ ನೋಡಿ “ಇನ್ನೂ ದುಡ್ಡೇ ಬಂದಿಲ್ಲ” ಅಂತ ಕೂತವರು ಕಳೆದುಕೊಳ್ಳುವುದು ಹೀಗೆ. ತಿಂಗಳಿಗೊಮ್ಮೆ ಬಿಆರ್‌ಸಿಯಲ್ಲಿ ಮಿತಿ ಕೇಳಿ.

ಮಾರಾಟಗಾರರ ಹೆಸರು, ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ಸೇರಿಸಬೇಕು. ಒಂದು ಲಾಗಿನ್ ಬಿಲ್ ಹಾಕಲು, ಇನ್ನೊಂದು ಅನುಮೋದಿಸಲು. ಪಾವತಿ ಪತ್ರ ಮುದ್ರಿಸಿ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು ಸಹಿ ಮಾಡಿ ಬ್ಯಾಂಕಿಗೆ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಅದರ ಮೇಲಿನ ಅವಧಿ ಮೀರದಂತೆ ನೋಡಿಕೊಳ್ಳಿ. ಅಧ್ಯಕ್ಷರು ಬದಲಾದ ವಾರವೇ ಬ್ಯಾಂಕಿನಲ್ಲಿ ಸಹಿ ಬದಲಿಸಿ. ಊರಿನ ಜಗಳದಲ್ಲಿ ಅಧ್ಯಕ್ಷರ ಆಯ್ಕೆ ನಿಂತುಹೋದರೆ ಶಾಲೆಯ ಖರ್ಚೂ ನಿಲ್ಲುತ್ತದೆ.

5. ಇನ್‌ಸ್ಪೈರ್ ಮಾನಕ್: ಮಗುವಿಗೆ 10,000 ರೂ.

ಮಕ್ಕಳ ಹೊಸ ಐಡಿಯಾಗಳನ್ನು ಆರಿಸಿ ಹಣ ಕೊಡುವ ಯೋಜನೆ ಇದು, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಸೇರಿ ನಡೆಸುವುದು. ಆರಿಸಿದ ಐಡಿಯಾಕ್ಕೆ ಮಾದರಿ ಮಾಡಲು 10,000 ರೂ. ನೇರ ಮಗುವಿನ ಖಾತೆಗೆ ಬರುತ್ತದೆ. ಶಾಲೆ ಒಮ್ಮೆ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಜಿಲ್ಲೆಯ ಒಪ್ಪಿಗೆ ಪಡೆದರೆ ಸಾಕು. ಆಮೇಲೆ ವರ್ಷವೂ ಮುಖ್ಯ ಶಿಕ್ಷಕರೇ ಐಡಿಯಾಗಳನ್ನು ಕಳಿಸಬಹುದು, ಶಾಲೆಗೆ 5ರವರೆಗೆ ಅವಕಾಶ. ನಾಮನಿರ್ದೇಶನ ಮಳೆಗಾಲದಲ್ಲೇ ನಡೆಯುತ್ತದೆ. ಕೊನೆಯ ವಾರ ಸರ್ವರ್ ಕೈಕೊಡುವುದು ಮಾಮೂಲಿ, ಆದ್ದರಿಂದ ಜುಲೈನಲ್ಲೇ ಕೂತು ಹಾಕಿಬಿಡಿ.

ದುಡ್ಡು ತಪ್ಪುವುದು ಹೆಚ್ಚಾಗಿ ಐಡಿಯಾದಿಂದಲ್ಲ, ಪಾಸ್‌ಬುಕ್ಕಿನಿಂದ. ನಮ್ಮ ಎರಡು ಜಿಲ್ಲೆಯ ಮನೆಗಳಲ್ಲಿ ಈಗಲೂ ಇಲ್ಲದ ಬ್ಯಾಂಕುಗಳ ಪಾಸ್‌ಬುಕ್ ಇವೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇನಲ್ಲಿ ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕುಗಳು ಒಂದಾದವು. ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಹಾಕಿದರೆ ಹಣ ವಾಪಸ್. ಹೊಸ ಪಾಸ್‌ಬುಕ್ ಮಾಡಿಸಿ, ಖಾತೆ ಚಾಲ್ತಿಯಲ್ಲಿದೆಯೇ, ಹೆಸರು ಸ್ಯಾಟ್ಸ್‌ನಲ್ಲಿ ಇರುವಂತೆಯೇ ಇದೆಯೇ ನೋಡಿ. “ಕಾವ್ಯ ಹೆಚ್ ಎಂ” ಒಂದು ಕಡೆ, “ಕಾವ್ಯ ಎಚ್.ಎಂ.” ಇನ್ನೊಂದು ಕಡೆ ಇದ್ದರೂ ತೊಡಕಾಗುತ್ತದೆ.

ಐಡಿಯಾ ಅಂದರೆ ವಸ್ತು ಪ್ರದರ್ಶನದ ಮಾದರಿಯಲ್ಲ. ಜ್ವಾಲಾಮುಖಿ, ಮಳೆನೀರು ಕೊಯ್ಲು, ಕಸದಿಂದ ವಿದ್ಯುತ್ ಸಾವಿರಾರು ಶಾಲೆಗಳಿಂದ ಬರುತ್ತವೆ. ಮಕ್ಕಳು ದಿನಾ ಕಾಣುವ ತೊಡಕನ್ನೇ ಹಿಡಿಯಲಿ: ಕಾಳುಮೆಣಸು ಕೊಯ್ಯಲು ಏಣಿ ಒರಗಿಸಿದಾಗ ಅದು ಸಿಲ್ವರ್ ಮರದಿಂದ ಜಾರುವುದು, ಕಣದಲ್ಲಿ ಹರಡಿದ ಕಾಫಿಗೆ ಅಕಾಲ ಮಳೆ ಬೀಳುವುದು, ಆಲೂಗಡ್ಡೆ ಗಾತ್ರ ನೋಡಿ ಬೇರೆ ಮಾಡುವುದು, ಆಲೂರು-ಸಕಲೇಶಪುರ ಕಡೆ ಆನೆ ಬಂದದ್ದು ಗೊತ್ತಾಗದೆ ಇರುವುದು. ಬರಹ ಕನ್ನಡದಲ್ಲೇ ಇರಬಹುದು. ಗೂಗಲ್ಲಿನಿಂದ ಎತ್ತಿದ ಇಂಗ್ಲಿಷಿಗಿಂತ ಮಗುವಿನ ಕನ್ನಡವೇ ಎಷ್ಟೋ ವಾಸಿ. ಬಂದ 10,000ದಲ್ಲಿ ಮಾದರಿಯ ಬಿಲ್ಲುಗಳನ್ನು ತೆಗೆದಿಡಲು ಪೋಷಕರಿಗೆ ಮೊದಲೇ ಹೇಳಿ.

6. ಪಂಚಾಯತಿ ಮತ್ತು ಜನಪ್ರತಿನಿಧಿಗಳ ನಿಧಿ

ಕೊಠಡಿ, ಕಪಾಟು, ವೈರಿಂಗ್ ಇಂಥವನ್ನು ಸಂಯುಕ್ತ ಅನುದಾನದಲ್ಲಿ ಮಾಡಲು ಹೋಗಬೇಡಿ. ಗ್ರಾಮ ಪಂಚಾಯತಿಯ ಮುಂದಿನ ವರ್ಷದ ಯೋಜನೆ ಅಕ್ಟೋಬರ್ 2ರಿಂದ ಜನವರಿವರೆಗೆ ತಯಾರಾಗುತ್ತದೆ. ಅದೇ ಹೊತ್ತಿಗೆ ಮಕ್ಕಳ ಗ್ರಾಮ ಸಭೆಗಳೂ ನಡೆಯುತ್ತವೆ. ಅಲ್ಲಿ 8ನೇ ತರಗತಿಯ ಹುಡುಗಿ ಎದ್ದು “ನಮ್ಮ ವಿಜ್ಞಾನ ಕೊಠಡಿಗೆ ಕಪಾಟು ಬೇಕು” ಅಂದದ್ದು ನಡಾವಳಿಗೆ ಹತ್ತಿದರೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ನಡಾವಳಿಯ ನಕಲು ತೆಗೆದುಕೊಂಡು ಬನ್ನಿ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡರಲ್ಲೂ ಹಣ ಶಾಲೆಗೆ ಬರುವುದಿಲ್ಲ. ಅವರ ಶಿಫಾರಸು ಜಿಲ್ಲಾಧಿಕಾರಿಗೆ ಹೋಗಿ, ಕೆಲಸವನ್ನು ಒಂದು ಅನುಷ್ಠಾನ ಸಂಸ್ಥೆ ಮಾಡುತ್ತದೆ. ಬರಿಗೈಯಲ್ಲಿ ಮನವಿ ಕೊಟ್ಟರೆ ಫೋಟೊ ಮಾತ್ರ ಸಿಗುತ್ತದೆ. ಅಂದಾಜು ಪಟ್ಟಿ, ಜಾಗ ಶಾಲೆಯದೇ ಎಂಬ ದಾಖಲೆ, ಎಸ್‌ಡಿಎಂಸಿ ಠರಾವು ಮೂರನ್ನೂ ಲಗತ್ತಿಸಿ.

7. ಅಟಲ್ ಟಿಂಕರಿಂಗ್ ಲ್ಯಾಬ್

ಮಕ್ಕಳು ತಮ್ಮ ಕೈಯಾರೆ ಮಾಡಿ ಕಲಿಯುವ ಪ್ರಯೋಗಾಲಯ, ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ನಿನದು. ಒಟ್ಟು 20 ಲಕ್ಷ: ಸ್ಥಾಪನೆಗೆ 10 ಲಕ್ಷ, ಐದು ವರ್ಷದ ನಿರ್ವಹಣೆಗೆ 10 ಲಕ್ಷ. 6ರಿಂದ 12ನೇ ತರಗತಿಗೆ. ಬಯಲಿನಲ್ಲಿ 1,500 ಚದರಡಿ, ಗುಡ್ಡಗಾಡಿನಲ್ಲಿ 1,000 ಚದರಡಿ ಜಾಗ ಕೇಳುತ್ತಾರೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ 50,000 ಲ್ಯಾಬ್ ಘೋಷಣೆಯಾಗಿದೆ. ಅರ್ಜಿ ಕರೆದಾಗ ಹಾಕಿ, ಆದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಲ್ಯಾಬ್ ನೋಡಿಕೊಳ್ಳುವ ಶಿಕ್ಷಕರು ವರ್ಗಾವಣೆಯಾದರೆ ಇನ್ನೊಬ್ಬರು ಇದ್ದಾರೆಯೇ? ಬಾಗಿಲು ಹಾಕಿದ ಲ್ಯಾಬಿನ ಹಣ ಬಳಕೆ ಪ್ರಮಾಣಪತ್ರ ಬಾಕಿ ಉಳಿಯುತ್ತದೆ, ಅದು ಬಾಕಿಯಿದ್ದಷ್ಟು ದಿನ ಮುಂದಿನ ಕಂತಿಲ್ಲ. ತೀರಾ ಸಣ್ಣ ಶಾಲೆಗೆ ಇದು ಹೊರೆಯೇ.

ಕ್ಷೇತ್ರ ಭೇಟಿಗೆ ದುಡ್ಡು ಸಿಕ್ಕರೆ ದೂರ ಹೋಗಬೇಕಿಲ್ಲ. ಹಾಸನದಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ, ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಇವೆ. ಇಸ್ರೋ ಕೇಂದ್ರಕ್ಕೆ ಮುಂಚಿತ ಲಿಖಿತ ಅನುಮತಿ ಬೇಕು. ಬಸ್ಸು ಹೇಳುವ ಮೊದಲು ಅದನ್ನು ಕೈಯಲ್ಲಿಟ್ಟುಕೊಳ್ಳಿ.

8. ಲೆಕ್ಕ, ಮತ್ತು ಮಳೆಗಾಲ

ದಾಸ್ತಾನು ವಹಿಯಲ್ಲಿ ಉಳಿಯುವ ಸಾಮಾನು ಒಂದು ಪುಟ, ಖರ್ಚಾಗುವ ಸಾಮಾನು (ಸೆಲ್, ಲಿಟ್ಮಸ್, ರಬ್ಬರ್ ಬ್ಯಾಂಡ್) ಇನ್ನೊಂದು ಪುಟ. ಬಿಲ್ಲಿನ ಹಿಂದೆ ದಾಸ್ತಾನಿನ ಪುಟಸಂಖ್ಯೆ ಬರೆದು ಸಹಿ ಹಾಕಿ. ಒಡೆದ ಪ್ರನಾಳವನ್ನು ಅದೇ ತಿಂಗಳು ಬರೆದುಬಿಡಿ. ಒಡೆದದ್ದಕ್ಕೆ ಯಾರೂ ಶಿಕ್ಷೆ ಕೊಡುವುದಿಲ್ಲ. ಮುಟ್ಟದೆ ಇಟ್ಟ ಸಾಮಾನಿಗೇ ಕೊಡಬೇಕಿತ್ತು, ಆ ಮಾತು ಬೇರೆ.

ಘಟ್ಟದ ಅಂಚಿನ ತಾಲ್ಲೂಕುಗಳಲ್ಲಿ ಸಾಮಾನು ಹಾಳಾಗುವುದು ಮಕ್ಕಳಿಂದಲ್ಲ, ಥಂಡಿಯಿಂದ. ಸೂಕ್ಷ್ಮದರ್ಶಕದ ಮಸೂರದ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬಿದರೆ ಒರೆಸಿದರೂ ಹೋಗುವುದಿಲ್ಲ. ಜೂನ್‌ಗೆ ಮೊದಲೇ ಮಸೂರಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಕಡೆ ಕಿತ್ತಳೆ ಬಣ್ಣದ್ದೇ ತನ್ನಿ. ಬಣ್ಣ ತಿರುಗಿದಾಗ ಹೊಸದು ಹಾಕಿ. ದಂಡಕಾಂತಗಳನ್ನು ವಿರುದ್ಧ ಧ್ರುವ ಪಕ್ಕಪಕ್ಕ ಬರುವಂತೆ ಜೋಡಿಸಿ, ತುದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಇಡಿ. ತಕ್ಕಡಿಯ ಸ್ಪ್ರಿಂಗಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು. ದಸರಾ ರಜೆಗೂ ಬೇಸಿಗೆ ರಜೆಗೂ ಬಾಗಿಲು ಹಾಕುವ ಮೊದಲು ಎಲ್ಲ ಹೋಲ್ಡರುಗಳಿಂದ ಸೆಲ್ ತೆಗೆಯಿರಿ. ಸೋರಿದ ಸೆಲ್ ಹೋಲ್ಡರಿನ ಸ್ಪ್ರಿಂಗನ್ನೇ ತಿಂದುಹಾಕುತ್ತದೆ, ಬದಲಿಸಲು ಮುಂದಿನ ವರ್ಷದ ಅನುದಾನದವರೆಗೆ ಕಾಯಬೇಕು.